ಶಾಂತಿಗೆ ಮುಂಗಡ ಬುಕಿಂಗ್ ಕಡ್ಡಾಯ

ಶಾಂತಿಯನ್ನು ಅರಸಿ ಹೊರಟವರಿಗೆ ಮೊದಲ ಪರೀಕ್ಷೆ ಗೊರಗುಂಟೆಪಾಳ್ಯದಲ್ಲಿ. ಶುಕ್ರವಾರ ಸಂಜೆ ಆರಕ್ಕೆ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ, 'ಈ ಸಲ ಫೋನ್ ಮುಟ್ಟೋದೇ ಇಲ್ಲ' ಎಂದು ಹೆಂಡತಿಗೆ ಮಾತು ಕೊಟ್ಟು, ಅದೇ ಫೋನಿನಲ್ಲಿ ಮ್ಯಾಪು ಹಾಕಿಕೊಂಡು ಹೊರಟ ಗೃಹಸ್ಥ ಎಂಟೂವರೆಗೂ ಅಲ್ಲೇ ನಿಂತಿರುತ್ತಾನೆ. ಅವನ ಮುಂದೆ ಶಾಂತಿಗೆ ಹೊರಟ ಕಾರುಗಳು, ಹಿಂದೆ ಶಾಂತಿಗೆ ಹೊರಟ ಕಾರುಗಳು, ಎಡಗಡೆ ಶಾಂತಿಗೆ ಹೊರಟ ಟೆಂಪೋ ಟ್ರಾವೆಲರ್. ಅದರೊಳಗೆ ಆಗಲೇ ಕುಣಿತ ಶುರುವಾಗಿದೆ. ಎಲ್ಲರೂ ಹಾರನ್ ಒತ್ತುತ್ತಿದ್ದಾರೆ. ನಿಶ್ಶಬ್ದಕ್ಕೆ ತಡವಾಗುತ್ತಿದೆಯಲ್ಲ, ಪಾಪ.

ಯಾರನ್ನೂ ದೂರುವಂತಿಲ್ಲ. ಅಲ್ಲಿಂದ ಮುಂದೆ ಸಿಗುವ ಪೀಣ್ಯದ ಮೇಲ್ಸೇತುವೆಯನ್ನೇ ನೋಡಿ. ಒಳಗಿನ ಉಕ್ಕಿನ ಕೇಬಲ್ಲುಗಳು ಕೈಕೊಟ್ಟಿವೆ ಎಂದು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು; ಆಮೇಲೆ ಹಗುರ ವಾಹನಗಳಿಗಷ್ಟೇ ಬಿಟ್ಟರು. ಉಕ್ಕಿಗೇ ಒತ್ತಡ ತಾಳದೆ ರಜೆ ಹಾಕುವ ಊರಿನಲ್ಲಿ ಸಾಫ್ಟ್‌ವೇರಿನ ಮನುಷ್ಯ ಎರಡು ದಿನ ಬೆಟ್ಟಕ್ಕೆ ಹೋಗಿಬರುತ್ತೇನೆ ಅಂದರೆ ತಪ್ಪೇನು?

ತಪ್ಪಿಲ್ಲ. ಷರತ್ತುಗಳು ಮಾತ್ರ ಸ್ವಲ್ಪ ಇವೆ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಚಿಕ್ಕಮಗಳೂರು ಪ್ರವಾಸಕ್ಕೆಂದೇ ಒಂದು ವಾಟ್ಸಾಪ್ ಗುಂಪು ಮಾಡಿದರು. ಅದರಲ್ಲಿ ಒಂದು ವಾರ ಚರ್ಚೆ ನಡೆದು ಒಮ್ಮತಕ್ಕೆ ಬಂದದ್ದು ಇಷ್ಟು: ಜಾಗದಲ್ಲಿ ಜನ ಇರಬಾರದು, ಪಾರ್ಕಿಂಗ್ ಇರಬೇಕು. ಕಾಡಿನ ನಡುವೆ ಇರಬೇಕು, ಹುಳಹುಪ್ಪಟೆ ಇರಬಾರದು. ನೆಟ್‌ವರ್ಕ್ ಇರಬಾರದು, ವೈಫೈ ಇರಬೇಕು. ಮಳೆ ಬೇಕು, ಒದ್ದೆಯಾಗಬಾರದು. ಅಡುಗೆ ಹಳ್ಳಿಯದೇ ಆಗಿರಬೇಕು, ಮಕ್ಕಳಿಗೆ ನೂಡಲ್ಸ್ ಸಿಗಬೇಕು. ಇವೆಲ್ಲವೂ ಕೂಡಿಬರುವ ಜಾಗ ಭೂಮಿಯ ಮೇಲೆ ಒಂದೇ, ಅದು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು ಎಂದು ಹೇಳಲು ಹೋದೆ. ನನ್ನ ಸಂದೇಶಕ್ಕೆ ಯಾರೂ ಹೆಬ್ಬೆರಳು ಕೂಡ ಎತ್ತಲಿಲ್ಲ.

ಜಾಗ ಹುಡುಕಿಕೊಟ್ಟದ್ದು ರೀಲ್ಸ್. 'ಯಾರಿಗೂ ಗೊತ್ತಿಲ್ಲದ ಸ್ವರ್ಗ' ಎಂಬ ತಲೆಬರಹದ ಮೂವತ್ತು ಸೆಕೆಂಡಿನ ವಿಡಿಯೊ. ಅದನ್ನು ಆಗಲೇ ಲಕ್ಷಗಟ್ಟಲೆ ಜನ ನೋಡಿಯಾಗಿತ್ತು. ಯಾರಿಗೂ ಗೊತ್ತಿಲ್ಲದ ಜಾಗವನ್ನು ಊರಿಗೆಲ್ಲ ತಿಳಿಸುವುದೇ ಒಂದು ಉದ್ಯೋಗವಾಗಿ ಎಷ್ಟೋ ವರ್ಷವಾಯಿತು. ಮೂಡಿಗೆರೆ ಕಡೆಯ ಎತ್ತಿನಭುಜ, ದೇವರಮನೆ, ರಾಣಿಝರಿಗಳೆಲ್ಲ ಒಂದೊಂದಾಗಿ 'ಯಾರಿಗೂ ಗೊತ್ತಿಲ್ಲದ' ಪಟ್ಟಿಗೆ ಸೇರಿದವು. ಸೇರಿದ ಮರುವಾರವೇ ಅಲ್ಲಿ ಚುರುಮುರಿ ಗಾಡಿ ಬಂತು, ಅದರ ಹಿಂದೆ ಪ್ಲಾಸ್ಟಿಕ್ ಲೋಟ ಬಂತು, ಕೊನೆಗೆ ಅರಣ್ಯ ಇಲಾಖೆಯ ಫಲಕ ಬಂತು. ಫಲಕದ ಮುಂದೆ ನಿಂತೂ ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ.

ಅಧ್ಯಕ್ಷರ ಕಾರಿನ ಬಗ್ಗೆ ಎರಡು ಮಾತು. ಜಾಹೀರಾತಿನ ಪ್ರಕಾರ ಅದು ನದಿ ದಾಟುತ್ತದೆ, ಬಂಡೆ ಹತ್ತುತ್ತದೆ, ಮರುಭೂಮಿಯಲ್ಲಿ ದೂಳೆಬ್ಬಿಸುತ್ತದೆ. ಇಲ್ಲಿಯವರೆಗೆ ಅದು ದಾಟಿದ ಅತಿ ದೊಡ್ಡ ಜಲರಾಶಿ ಸಿಲ್ಕ್ ಬೋರ್ಡ್ ಜಂಕ್ಷನ್. ನೆಲಮಂಗಲ ಕಳೆದು, ಕುಣಿಗಲ್ ಬೈಪಾಸಿನಲ್ಲಿ ಕಾಫಿ ಕುಡಿದು, ಬೆಳ್ಳೂರು ಕ್ರಾಸಿನಲ್ಲಿ ಇನ್ನೊಮ್ಮೆ ಕುಡಿದು (ಕಾಫಿಯ ನಾಡಿಗೆ ಹೋಗುವವರು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಳ್ಳಬೇಕು) ಚನ್ನರಾಯಪಟ್ಟಣದ ಹೊತ್ತಿಗೆ ಕಾರಿನಲ್ಲಿದ್ದವರೆಲ್ಲ ಪ್ರಕೃತಿಯ ಮಡಿಲಲ್ಲಿ ಗೊರಕೆ ಹೊಡೆಯುತ್ತಿದ್ದರು. ಎಚ್ಚರವಿದ್ದದ್ದು ಟೋಲ್ ಕಟ್ಟುವ ಫಾಸ್ಟ್ಯಾಗ್ ಮಾತ್ರ.

ಈ ದಾರಿಯ ಭೂಗೋಳವೇ ಒಂದು ತಮಾಷೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಕಲೇಶಪುರ ಪೇಟೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 'ಬೆಟ್ಟಕ್ಕೆ ಹೋಗ್ತಿದ್ದೀವಿ' ಎಂದು ಸಂಭ್ರಮದಿಂದ ಸುಮಾರು 220 ಕಿಲೋಮೀಟರ್ ಓಡಿ ಸಕಲೇಶಪುರ ಮುಟ್ಟಿದವನು ಮಲ್ಲೇಶ್ವರದ ಮಟ್ಟದಲ್ಲೇ ನಿಂತಿರುತ್ತಾನೆ. ಬೆಟ್ಟದ ಮೇಲಿಂದ ಹೊರಟು ಬೆಟ್ಟ ಹುಡುಕುವ ಜಾತಿ ನಮ್ಮದು.

ಹಾಗೆ ನೋಡಿದರೆ, ಓಡಿಬಂದು ತಂಪು ಹುಡುಕಿದವರ ಊರೇ ಬೆಂಗಳೂರು. ಟಿಪ್ಪುವನ್ನು ಮುಗಿಸಿ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷರ ದಂಡಿಗೆ ಅಲ್ಲಿನ ಸೊಳ್ಳೆ, ಜ್ವರ ತಾಳಲಾಗಲಿಲ್ಲ. 1809ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹವೆ ಚೆನ್ನಾಗಿದೆ ಎಂದು ಇಲ್ಲಿಗೆ ಬಂದರು, ದಂಡು ಪ್ರದೇಶ ಹುಟ್ಟಿತು. ಫ್ಯಾನು ಬೇಡದ ಊರು, ನಿವೃತ್ತರ ಸ್ವರ್ಗ ಎಂದೆಲ್ಲ ಹೆಸರು ಬಂತು. ಆ ಹೆಸರನ್ನು ಕೇಳಿ ಎಲ್ಲರೂ ಬಂದೆವು. ಈಗ ಚಿಕ್ಕಮಗಳೂರಿನ ಹವೆ ಚೆನ್ನಾಗಿದೆಯಂತೆ.

ಊಟಿಯ ಕಥೆಯೂ ಇದೇ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿ, ಇಂಗ್ಲೆಂಡಿನ ಚಳಿ ಇಲ್ಲೇ ಸಿಗುತ್ತದೆ ಎಂದು ಹಿಗ್ಗಿ, ಆಮೇಲೆ ಅಲ್ಲೊಂದು ಕಲ್ಲಿನ ಮನೆ ಕಟ್ಟಿಸಿದ. ತೋಡರು ಅಲ್ಲಿ ತಮ್ಮ ಪಾಡಿಗೆ ಎಮ್ಮೆ ಕಾಯುತ್ತಿದ್ದರು ಎಂಬುದು ಬೇರೆ ಮಾತು. ಯಾರಿಗೂ ಗೊತ್ತಿಲ್ಲದ ಸ್ವರ್ಗದ ಮೊದಲ ರೀಲು ಅದೇ ಇರಬೇಕು. ಇನ್ನೂರು ವರ್ಷದ ಮೇಲೆ ಮದ್ರಾಸ್ ಹೈಕೋರ್ಟ್ ನಡುವೆ ಬರಬೇಕಾಯಿತು. 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್. ಮರುವರ್ಷದ ಬೇಸಿಗೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6000 ವಾಹನ, ವಾರಾಂತ್ಯದಲ್ಲಿ 8000 ಎಂದು ಮಿತಿ. ದಿನಕ್ಕೆ ಎಂಟು ಸಾವಿರ ವಾಹನ ಅನ್ನುವುದು ಕಡಿವಾಣ! ಸಲ್ಲಿವನ್ ಸಾಹೇಬ ಈಗ ಬಂದಿದ್ದರೆ ಚೆಕ್‌ಪೋಸ್ಟಿನಲ್ಲಿ ಕುದುರೆ ನಿಲ್ಲಿಸಿ ಕ್ಯೂಆರ್ ಕೋಡ್ ತೋರಿಸಬೇಕಿತ್ತು. ಬಂಡೀಪುರದ ದಾರಿಯಲ್ಲಿ ಬಂದಿದ್ದರಂತೂ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿಬಿಡುತ್ತಾರೆ. ಆನೆಗಳಿಗೆ ರಾತ್ರಿಯಾದರೂ ರಸ್ತೆ ದಾಟಲು ಬಿಡಿ ಎಂದು 2009ರಿಂದ ಇರುವ ಆ ನಿಯಮವನ್ನು ತೆಗೆಸಲು ನಡೆದಿರುವ ಪ್ರಯತ್ನ ಒಂದೆರಡಲ್ಲ. ಆನೆ ಯಾವ ಪಕ್ಷಕ್ಕೂ ಓಟು ಹಾಕುವುದಿಲ್ಲ.

ಹೋಂಸ್ಟೇ ತಲುಪಿದಾಗ ರಾತ್ರಿ ಎರಡು. ಮೂಡಿಗೆರೆ ಕಡೆಯ ಕಾಫಿ ತೋಟದ ನಡುವೆ ಹೆಂಚಿನ ಮನೆ. ಗೇಟಿನಲ್ಲಿ ಟಾರ್ಚು ಹಿಡಿದು ಮಾಲೀಕ ಗೌಡರು ನಿಂತಿದ್ದರು. ಅಷ್ಟು ಹೊತ್ತಿನಲ್ಲೂ ನಗುವುದು ಈ ಉದ್ಯೋಗದ ಕಷ್ಟಗಳಲ್ಲೊಂದು.

"ಬನ್ನಿ ಸಾರ್. ಕಡುಬು, ಕೋಳಿ ಸಾರು ಮಾಡಿಸಿಟ್ಟಿದ್ದೆ. ಬಿಸಿ ಮಾಡಿಸ್ಲಾ?"

"ಅಯ್ಯೋ ಗೌಡ್ರೇ, ದಾರೀಲೇ ಪಿಜ್ಜಾ ಆಯ್ತು. ವೈಫೈ ಪಾಸ್‌ವರ್ಡ್ ಏನು ಹೇಳಿ."

ನಮ್ಮ ಅಧ್ಯಕ್ಷರ ಬಗ್ಗೆ ತಿಳಿಯಬೇಕಾದ್ದು ಒಂದಿದೆ. ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ರಾತ್ರಿ ಹತ್ತರ ಮೇಲೆ ಕುರ್ಚಿ ಎಳೆಯುವಂತಿಲ್ಲ, ಮಿಕ್ಸಿ ತಿರುಗಿಸಿದರೂ ನೋಟಿಸು. ಅಂಥ ಶಿಸ್ತಿನ ಮನುಷ್ಯ ಮರುದಿನ ಬೆಳಿಗ್ಗೆ ಜಗಲಿಗೆ ಬಂದವರೇ ಗೌಡರನ್ನು ಕರೆದರು.

"ಗೌಡ್ರೇ, ರಾತ್ರಿಯೆಲ್ಲ ಅದೇನೋ ಕಿರ್ರ್ ಅಂತಿತ್ತಲ್ಲ?"

"ಜೀರುಂಡೆ ಸಾರ್."

"ಅದನ್ನ ಸ್ವಲ್ಪ ಕಮ್ಮಿ ಮಾಡ್ಸಕ್ಕಾಗಲ್ವಾ?"

"ಹೇಳಿ ನೋಡ್ತೀನಿ ಸಾರ್" ಅಂದರು ಗೌಡರು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಐದು ಗಂಟೆಗೇ ಕೂಗಿದ ಹುಂಜದ ಮೇಲೂ ದೂರು ದಾಖಲಾಯಿತು. ಅದರ ವಿಚಾರಣೆ ಮಧ್ಯಾಹ್ನದ ಊಟದ ಹೊತ್ತಿಗೆ ಸಾರಿನ ಪಾತ್ರೆಯಲ್ಲಿ ಮುಗಿಯಿತು. ಮೂರನೆಯ ದೂರು ಕಾಲಿಗೆ ಹತ್ತಿದ ಉಂಬಳದ್ದು. "ನಿಮ್ಮ ವೆಬ್‌ಸೈಟಲ್ಲಿ ಇದನ್ನ ಹಾಕಿಲ್ಲ" ಎಂದು ಅಧ್ಯಕ್ಷರ ಹೆಂಡತಿ ರೇಗಿದರು. ಗೌಡರ ಹೆಂಡತಿ ಸುಣ್ಣ, ಹೊಗೆಸೊಪ್ಪು ತಂದು ತೇಯ್ದು ಹಚ್ಚಿದರು. "ಅದಕ್ಕೆ ನಾವು ದುಡ್ಡು ತಗಳಲ್ಲ ಅಮ್ಮ, ಪುಕ್ಕಟೆ" ಎಂದು ಸಮಾಧಾನವನ್ನೂ ಹೇಳಿದರು.

ಸಂಜೆಯ ಕಾರ್ಯಕ್ರಮಕ್ಕೆ 'ರೈನ್ ಡ್ಯಾನ್ಸ್' ಇತ್ತು. ತಿಳಿಯದವರಿಗೆ ವಿವರಿಸುತ್ತೇನೆ. ಆಗುಂಬೆಯಿಂದ ಚಾರ್ಮಾಡಿಯವರೆಗೆ ಮಳೆಯೆಂಬುದು ಪಂಚಾಂಗದ ಮೊದಲ ಪುಟವಾಗಿರುವ ಸೀಮೆಯಲ್ಲಿ, ಜೂನಿನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಬಟ್ಟೆ ಒಣಗದ ಊರಿನಲ್ಲಿ, ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು, ಮೋಟಾರು ಹಚ್ಚಿ, ಅಂಗಳದಲ್ಲಿ ಮಳೆ ಬರಿಸುತ್ತಾರೆ. ಕೆಳಗೆ ಸಿನಿಮಾ ಹಾಡು, ಮೇಲೆ ಬಣ್ಣದ ದೀಪ. ನಾವು ಕುಣಿಯುತ್ತಿದ್ದಾಗ ನಿಜವಾದ ಮಳೆಯೇ ಬಂತು. ಎಲ್ಲರೂ ಒದ್ದೆಯಾಗುತ್ತೇವೆಂದು ಒಳಗೆ ಓಡಿದರು.

"ಇದೆಲ್ಲ ಯಾಕೆ ಗೌಡ್ರೇ?" ಎಂದು ನಾನು ಕೇಳಿದೆ. ಅವರ ಉತ್ತರ ಬಹಳ ಸರಳವಾಗಿತ್ತು. 2000ದ ಸುಮಾರಿನಲ್ಲಿ ಕಾಫಿ ದರ ನೆಲ ಕಚ್ಚಿದಾಗ ತೋಟದವರ ಬೆನ್ನು ಮುರಿಯಿತು. ಸಾಲ ಏರಿತು. ಆಗ ಯಾರೋ ಪೇಟೆಯವರು ಬಂದು ಮನೆಯ ಎರಡು ಕೋಣೆಗೆ ದುಡ್ಡು ಕೊಡುತ್ತೇವೆ ಅಂದರು. ಅಂದಿನಿಂದ ನಡೆದಿದೆ. "ಕಾಫಿಗೆ ಕಾಂಡಕೊರಕ, ಅಡಿಕೆಗೆ ಎಲೆಚುಕ್ಕಿ, ಮೆಣಸಿಗೆ ಸೊರಗು ರೋಗ. ಬೆಂಗ್ಳೂರಿನೋರಿಗೆ ಮಾತ್ರ ಎಂತ ರೋಗವೂ ಬರಲ್ಲ ನೋಡಿ. ವಾರಕ್ಕೊಂದು ಕೊಯ್ಲು. ಗೊಬ್ಬರ ಬೇಡ, ಔಷಧಿ ಬೇಡ. ಆಳು ಸಿಗಲಿಲ್ಲ ಅಂತ ಬಿಡಂಗೂ ಇಲ್ಲ, ತಾವಾಗೇ ಬಂದು ಬೀಳ್ತಾವೆ." ಬೆಳೆಗಾರನ ಕಣ್ಣಿನಲ್ಲಿ ನನ್ನನ್ನು ನಾನು ನೋಡಿಕೊಂಡೆ. ಹಣ್ಣಾಗಿದ್ದೆ.

ಶನಿವಾರದ ದೊಡ್ಡ ಕಾರ್ಯಕ್ರಮ ಮುಳ್ಳಯ್ಯನಗಿರಿ. 1930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ವಾಹನದ ಸಾಲು ತಾಳಲಾರದೆ ಜಿಲ್ಲಾಡಳಿತ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿತು. ಬೆಳಿಗ್ಗೆ ಆರರಿಂದ ಹನ್ನೆರಡಕ್ಕೆ 600 ವಾಹನ, ಮಧ್ಯಾಹ್ನ ಒಂದರಿಂದ ಸಂಜೆ ಆರಕ್ಕೆ ಇನ್ನು 600. ಗಾರ್ಮೆಂಟ್ ಫ್ಯಾಕ್ಟರಿಯಂತೆ ಬೆಟ್ಟಕ್ಕೂ ಎರಡು ಪಾಳಿ. ಹನ್ನೆರಡರಿಂದ ಒಂದು ಬೆಟ್ಟದ ಊಟದ ವಿರಾಮ ಇರಬೇಕು. ನಮ್ಮದು ಎರಡನೆಯ ಪಾಳಿ. ಪಾಳಿ ಮುಗಿಯುವುದರೊಳಗೆ ಶಾಂತಿ ಸಿಗದಿದ್ದರೆ ಹಣ ವಾಪಸ್ಸಿಲ್ಲ.

ಮೇಲೆ ಗುಡಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗದ್ದುಗೆ. ಗುಡಿಯ ಕೆಳಗಿನ ಗವಿಗಳಲ್ಲಿ ಆತ ತಪಸ್ಸು ಮಾಡಿದನೆಂದು ಪ್ರತೀತಿ. ಎದುರಿನ ಸಾಲಿನಲ್ಲಿ ಬಾಬಾಬುಡನ್‌ಗಿರಿ. ಯೆಮೆನ್ ಕಡೆಯಿಂದ ಏಳು ಕಾಫಿ ಬೀಜ ತಂದು ಬಿತ್ತಿದನೆಂದು ಹೇಳುವ ಸೂಫಿಯ ಹೆಸರು ಹೊತ್ತ ಬೆಟ್ಟ. ಆಚೆ ಮೂಡಿಗೆರೆಯಲ್ಲಿ ಕಾದಂಬರಿಕಾರ ತೇಜಸ್ವಿಯವರ ಮನೆ 'ನಿರುತ್ತರ'. ಶಾಂತಿ ಹುಡುಕಿಕೊಂಡು ಈ ಸೀಮೆಗೆ ಬಂದವರು ಹಿಂದೆಯೂ ಇದ್ದರು ಅನ್ನಿ. ಅವರಲ್ಲಿ ಯಾರಿಗೂ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಗುಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ತೇಜಸ್ವಿಯವರ 'ಕರ್ವಾಲೊ' ಪುಸ್ತಕವನ್ನು ಮಂಜಿಗೆ ಒಡ್ಡಿ ಫೋಟೊ ತೆಗೆಯುತ್ತಿದ್ದಳು. ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರಿಗೆ ಅದು ಕಂಡು ಕೈತಪ್ಪಿತು. ಇಲ್ಲಿ ನಮ್ಮ ತಲೆಯ ಮೇಲೆ ಡ್ರೋನ್ ಹಾರುತ್ತಿತ್ತು, ಅದು ಯಾರ ಕೈಯನ್ನೂ ತಪ್ಪುವ ಲಕ್ಷಣ ಇರಲಿಲ್ಲ. 2022ರಲ್ಲಿ ಇದೇ ಬೆಟ್ಟಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಅರಳಿತ್ತು. ಬೆಟ್ಟ ನೀಲಿಯಾಗುತ್ತದೆ ಎಂದು ನೋಡಲು ಹೋದವರಿಗೆ ಬಿಳಿ ಕಾರುಗಳ ದರ್ಶನ ಯಥೇಚ್ಛವಾಗಿ ಆಯಿತು.

ಮಳೆಗಾಲದ ಪ್ರವಾಸಿಯದು ಇನ್ನೊಂದು ತಳಿ. ಬೋರ್ಡಿನಲ್ಲಿ 'ಅಪಾಯ' ಎಂದು ಬರೆದಿದ್ದರೆ ಅದು ಜಾಗದ ಹೆಸರು ಎಂದು ತಿಳಿಯುವವನು. ಚಾರ್ಮಾಡಿ ಘಾಟಿಯಲ್ಲಿ ಎಚ್ಚರಿಕೆ ಕೊಟ್ಟೂ ಕೊಟ್ಟೂ ಸೋತ ಪೊಲೀಸರು 2024ರ ಮಳೆಗಾಲದಲ್ಲಿ ಹೊಸ ಕಾನೂನು ಕಂಡುಹಿಡಿದರು: ಝರಿಗೆ ಇಳಿದವರ ಬಟ್ಟೆಗಳನ್ನು ಎತ್ತಿಕೊಂಡು ಜೀಪು ಹತ್ತಿದರು. ಗೋಪಿಕಾ ವಸ್ತ್ರಾಪಹರಣದ ಪ್ರಸಂಗದಲ್ಲಿ ಪಾತ್ರಧಾರಿಗಳು ಮಾತ್ರ ಬದಲು. ಅರೆಬೆತ್ತಲೆ ಯುವಕರು ಕೈಮುಗಿದು ಜೀಪಿನ ಹಿಂದೆ ಓಡಿದ ಮೇಲೆ ಬಟ್ಟೆ ಸಿಕ್ಕಿತು. ಅದಕ್ಕೆ ಹಿಂದಿನ ವರ್ಷ ದೂಧ್‌ಸಾಗರಕ್ಕೆ ರೈಲು ಹಳಿಯ ಮೇಲೆ ನಡೆದು ಹೋದವರಿಂದ ರೈಲ್ವೆ ಪೊಲೀಸರು ಸಾಲಾಗಿ ಬಸ್ಕಿ ಹೊಡೆಸಿದ್ದರು. 2024ರ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಕಂಡ ಸಾಲು ನೋಡಿದವರಿಗೆ ಅದು ಚಾರಣವೋ ರೇಷನ್ ಅಂಗಡಿಯೋ ತಿಳಿಯಲಿಲ್ಲ. ಆಮೇಲೆ ಅಲ್ಲಿಗೂ ಆನ್‌ಲೈನ್ ಬುಕಿಂಗ್ ಬಂತು.

ಗುಡ್ಡಗಳೂ ತಮ್ಮದೇ ರೀತಿಯಲ್ಲಿ ಬುಕಿಂಗ್ ರದ್ದು ಮಾಡುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳ ಮೇಲೆ ಬೆಟ್ಟವೇ ಬಂತು. 2020ರಲ್ಲಿ ತಲಕಾವೇರಿಯಲ್ಲಿ ಅರ್ಚಕರ ಮನೆ ಮಣ್ಣಿನಡಿ ಹೋಯಿತು. 2024ರಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ರಸ್ತೆಯ ಮೇಲೆ ಗುಡ್ಡ ಮತ್ತೆ ಮತ್ತೆ ಜಾರಿತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದದ್ದೇ ಕಾರಣ ಎಂಬ ದೂರು ಎದ್ದಿತು. ಸತ್ತವರ ಮನೆಯ ಮಣ್ಣು ಒಣಗುವ ಮೊದಲೇ ನಮ್ಮ ಕಡೆಯಿಂದ ಫೋನು ಹೋಗುತ್ತದೆ: "ಫಾಲ್ಸ್ ಓಪನ್ ಇದೆಯಾ?" ಇದರ ಮೇಲೆ ತಮಾಷೆ ಮಾಡಲು ನನಗೆ ಮನಸ್ಸಿಲ್ಲ.

ಹಾಗೆಂದು ಬೆಟ್ಟದವರೆಲ್ಲ ಋಷಿಗಳು, ಪೇಟೆಯವರೆಲ್ಲ ರಾಕ್ಷಸರು ಎಂದುಕೊಳ್ಳಬೇಡಿ. ಪಶ್ಚಿಮಘಟ್ಟದಲ್ಲಿ ಎಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಬಲು ಬಿಗಿ ಎಂದು ಕಸ್ತೂರಿರಂಗನ್ ಸಮಿತಿ ಮಾಡಿದರು. 2013ರಲ್ಲಿ ಅದರ ವರದಿಯೂ ಬಂತು. ಅದೂ ಬೇಡ ಎಂದು ಮಲೆನಾಡಿನಲ್ಲಿ ಪ್ರತಿಭಟನೆಗಳಾದವು. ಬೆಂಗಳೂರಿನಲ್ಲಿ ಯಾವ ಪಕ್ಷದ ಸರ್ಕಾರ ಕೂತರೂ ಈ ಒಂದು ವಿಷಯದಲ್ಲಿ ಭಿನ್ನಮತವಿಲ್ಲ. ನಮ್ಮ ಗೌಡರೂ ಪ್ರತಿಭಟನೆಗೆ ಹೋದವರೇ. "ವರದಿ ಬಂದ್ರೆ ಒಂದು ಕಕ್ಕಸು ಕಟ್ಟೋದಕ್ಕೂ ಬಿಡಲ್ಲ ಅಂದ್ರು ಸಾರ್" ಅಂದರು. ಹೇಳಿದವರು ಯಾರು ಎಂದು ಕೇಳಿದೆ. ಪಕ್ಕದ ಗುಡ್ಡದ ಮೇಲೆ ಈಜುಕೊಳ ಇರುವ ರೆಸಾರ್ಟ್ ಕಟ್ಟಿದವರಂತೆ.

ಆ ರೆಸಾರ್ಟಿನ ಡಿಜೆ ಸದ್ದು ರಾತ್ರಿ ಹನ್ನೊಂದರವರೆಗೂ ಕಣಿವೆ ದಾಟಿ ಬರುತ್ತಿತ್ತು. ಇತ್ತ ನಮ್ಮ ಗುಂಪಿನ ಬ್ಲೂಟೂತ್ ಸ್ಪೀಕರು ಕ್ಯಾಂಪ್‌ಫೈರಿನ ಪಕ್ಕ ಅದಕ್ಕೆ ತಕ್ಕ ಉತ್ತರ ಕೊಡುತ್ತಿತ್ತು. ಮೊಳೆ ಹೊಡೆಯಬಾರದೆಂದು ನೋಟಿಸು ಹೊರಡಿಸುವ ಅಧ್ಯಕ್ಷರೇ ಸದ್ದು ಹೆಚ್ಚಿಸಿದವರು. ಆನೆ ಬಂದಿದೆ, ಗದ್ದಲ ಬೇಡ ಎಂದು ಗೌಡರು ಎರಡು ಸಲ ಬಂದು ಹೇಳಿದರು. ಮೊದಲನೆಯ ಸಲ ಯಾರೂ ನಂಬಲಿಲ್ಲ. ಎರಡನೆಯ ಸಲ ಎಲ್ಲರೂ ನಂಬಿ ಫೋನು ಹಿಡಿದು ಗೇಟಿಗೆ ಓಡಿದರು. ಆನೆಗೆ ಮರ್ಯಾದೆ ಗೊತ್ತಿತ್ತು, ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಪಕ್ಕದ ತೋಟದ ಬಾಳೆ ಮುಗಿಸಿ ಹೋಗಿತ್ತು. ಆ ತೋಟದವನಿಗೆ ಹೋಂಸ್ಟೇ ಇಲ್ಲ. ಆನೆಯೊಂದೇ ಅತಿಥಿ, ಬಿಲ್ಲು ಕೊಡದ ಗಿರಾಕಿ.

ಭಾನುವಾರ ಹತ್ತಕ್ಕೇ ಹೊರಡಬೇಕಿತ್ತು. ತಡವಾದರೆ ನೆಲಮಂಗಲದಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂದು ಶನಿವಾರದಿಂದಲೇ ಅಧ್ಯಕ್ಷರಿಗೆ ಚಿಂತೆ. ಶಾಂತಿಯ ಎರಡನೆಯ ದಿನವನ್ನು ಅದರ ಚಿಂತೆಯಲ್ಲೇ ಕಳೆಯುವುದು ಪದ್ಧತಿ. ಕಾರಿಗೆ ಕಾಫಿಪುಡಿ, ಜೇನು, ಚಾಕೊಲೇಟು ತುಂಬಿಯಾಯಿತು. 'ರೀಚಾರ್ಜ್ ಆದೆ' ಎಂಬ ಸ್ಟೇಟಸ್ ಜಗಲಿಯಿಂದಲೇ ಹೋಯಿತು. ಗೌಡರು ಬಿಲ್ಲು ತಂದರು. ಕ್ಯಾಂಪ್‌ಫೈರಿನ ಸೌದೆಗೆ ಬೇರೆ, ಪೈಪಿನ ಮಳೆಗೆ ಬೇರೆ. ಅಧ್ಯಕ್ಷರು ಮೊತ್ತ ನೋಡಿ ಹುಬ್ಬೇರಿಸಿದರೂ ಫೋನೆತ್ತಿ ಕಟ್ಟಿದರು. ಬಿಲ್ಲು ಮಡಚುತ್ತಾ ಗೌಡರು ಮೆಲ್ಲಗೆ ಕೇಳಿದರು.

"ಸಾರ್, ನಮ್ಮ ಮಗ ವೈಟ್‌ಫೀಲ್ಡಲ್ಲಿ ಇದಾನೆ. ಮೂರು ದಿನ ರಜೆ ಒಟ್ಟಿಗೆ ಬಂದ್ರೆ ಬೆಂಗ್ಳೂರೆಲ್ಲ ಖಾಲಿಯಂತೆ, ಹೌದಾ? ಹಾರನ್ನಿಲ್ಲ, ಟ್ರಾಫಿಕ್ಕಿಲ್ಲ, ನಡುರಸ್ತೇಲಿ ನಾಯಿ ಮಲಗಿರ್ತವಂತೆ."

"ಹೌದು ಗೌಡ್ರೇ. ಎಷ್ಟು ಪೀಸ್‌ಫುಲ್ ಅಂತೀರಾ! ಆದ್ರೆ ನೋಡಕ್ಕೆ ನಾವೇ ಇರಲ್ಲ."

"ಅದಕ್ಕೇ ಕೇಳಿದ್ದು. ಮಗ ಒಂದು ರೂಮಲ್ಲಿ ಮೂರು ಜನದ ಜೊತೆ ಇರಾದು, ಅಲ್ಲಿ ಜಾಗ ಇಲ್ಲ. ಮುಂದಿನ ಲಾಂಗ್ ವೀಕೆಂಡಿಗೆ ನೀವು ಹೆಂಗೂ ಇಲ್ಲಿಗೇ ಬರ್ತೀರಿ. ಇಲ್ಲಿ ಎಲ್ಲ ನೋಡ್ಕಳಕ್ಕೆ ನನ್ನ ತಮ್ಮ ಇರ್ತಾನೆ. ನಾನೂ ನಮ್ಮನೆಯೋಳೂ ನಿಮ್ಮ ಫ್ಲ್ಯಾಟಲ್ಲಿ ಎರಡು ದಿನ ಸುಮ್ನೆ ಬಾಗ್ಲು ಹಾಕ್ಕಂಡು ಮಲಗಿ ಎದ್ದು ಬರ್ತೀವಿ. ವೈಫೈ ಬೇಡ, ಫೈರೂ ಬೇಡ. ರಾತ್ರಿಗೆ ಎಷ್ಟು ತಗತೀರಿ ಸಾರ್? ತಿಂಡಿ ಸೇರಿಸಿ ಹೇಳಿ."